ಆನೆಬೇಲಿಯ ಪಕ್ಕದ ರೇಡಿಯೋ

ಅಕ್ಕ ಕೇಳಿದ್ದು ಒಂದು ರೇಡಿಯೋ, ಅಷ್ಟೇ. ಅದರಲ್ಲಿ ದೂರದೇಶದ ಸ್ಟೇಷನ್ ಹಿಡಿಯುವ ಶಾರ್ಟ್‌ವೇವ್ ಕೂಡ ಇರಬೇಕೆಂದು ಸೇರಿಸಿದವನು ನಾನು. ಮಾದಾಪುರದ ಹತ್ತಿರದ ಅವಳ ತೋಟದಲ್ಲಿ ಗಾಳಿ ಸ್ವಲ್ಪ ಜೋರಾದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ಮೊಬೈಲ್ ಟವರ್ ಕೂಡ. ಆಮೇಲೆ ಆ ಮನೆಯಲ್ಲಿ ಕೇಳಿಸಿಕೊಳ್ಳಲು ಉಳಿಯುವುದು ಭಾವನ ಮಾತು ಮಾತ್ರ. ರೇಡಿಯೋ ಬೇಕಾದದ್ದು ಅದಕ್ಕೆ.

ನನ್ನ ಲೆಕ್ಕ ಬೇರೆಯಿತ್ತು. ಚಿಕ್ಕಂದಿನಲ್ಲಿ ನಮ್ಮ ಮನೆಯ ರೇಡಿಯೋದಲ್ಲಿ ಸಂಜೆ ಹೊತ್ತು ಸಮುದ್ರದಾಚೆಯ ಯಾವುದೋ ಸ್ಟೇಷನ್ ಬರುತ್ತಿತ್ತು. ಮೊದಲು ಕೊಳಲಿನಂಥ ರಾಗ, ಆಮೇಲೆ ತಿಳಿಯದ ಭಾಷೆಯಲ್ಲಿ ಒಬ್ಬ ಹೆಂಗಸು ನಿಧಾನವಾಗಿ ಏನೋ ಓದುವುದು, ಹಿಂದೆ ಗಡಿಯಾರದಂತೆ ಟಕ್ ಟಕ್ ಸದ್ದು. ಅಕ್ಕನ ಪ್ರಕಾರ ಆ ಪೆಟ್ಟಿಗೆಯಲ್ಲಿ ಮೈಸೂರು, ಮಂಗಳೂರು ಬಿಟ್ಟು ಏನೂ ಬರುತ್ತಿರಲಿಲ್ಲ.

“ನೀನು ಬೇರೆ ಯಾರ ಮನೆಯಲ್ಲೋ ಕೇಳಿದ್ದು. ಇಲ್ಲಾಂದ್ರೆ ಕನಸು ಬಿದ್ದದ್ದು,” ಎಂದಳು.

ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಬಾರದೆಂದು ಯೂನಿವರ್ಸಿಟಿಯಲ್ಲಿ ಕಲಿತು, ದೇವರಿಂದ ಹಿಡಿದು ಭಾವನ ಬೇಟೆ ಕಥೆಗಳವರೆಗೆ ಎಲ್ಲವನ್ನೂ ಅನುಮಾನಿಸಿದವನು ನಾನು. ನನ್ನ ನೆನಪಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೆ. ಆ ರಾಗ ಸುಳ್ಳಾದರೆ ಅಪ್ಪನ ಜೊತೆ ಕಳೆದ, ನನಗೆ ಉಳಿದಿರುವ ಒಂದೇ ಒಳ್ಳೆಯ ಸಂಜೆಯೂ ಸುಳ್ಳಾಗುತ್ತದೆ: ಅವರು ಗುಂಡಿ ತಿರುಗಿಸುತ್ತಿರುವುದು, ನಾನು ಹಿಂದಿನಿಂದ ಅವರ ಹೆಗಲಿಗೆ ಗಲ್ಲ ಊರಿ ನಿಂತಿರುವುದು.

ಕುಶಾಲನಗರದ ಅಂಗಡಿಯವನಿಗೆ ಶಾರ್ಟ್‌ವೇವ್ ಎಂದಾಗ ಅವನು ದೇಹಸ್ಥಿತಿ ವಿಚಾರಿಸುವವನಂತೆ ನನ್ನನ್ನು ನೋಡಿದ. “ಬ್ಲೂಟೂತ್ ಉಂಟು ಸಾರ್, ಪೆನ್‌ಡ್ರೈವ್ ಹಾಕ್ಬಹುದು, ಲೈಟೂ ಬರ್ತದೆ.” ಬಣ್ಣಬಣ್ಣದ ಲೈಟು ಬಂತು. ಸ್ಟೇಷನ್ ಬರಲಿಲ್ಲ.

ಕೊನೆಗೆ ಆನ್‌ಲೈನಿನಲ್ಲಿ ಹುಡುಕಿದೆ. ಹೊಸಬರಿಗೆ ಸಲಹೆ ಕೊಡುವವರು ಅಲ್ಲಿ ತಮ್ಮೊಳಗೇ ಕಚ್ಚಾಡುತ್ತಿದ್ದರು. ಕಚ್ಚಾಟದಿಂದ ಸೋಸಿ ತೆಗೆದದ್ದು ಇಷ್ಟು: ಮುಳ್ಳಿನ ಡಯಲ್ಲಿಗಿಂತ ಅಂಕಿ ತೋರಿಸುವ ಪರದೆ ಒಳ್ಳೆಯದು, ಕಳೆದುಹೋದ ಸ್ಟೇಷನ್ ಮತ್ತೆ ಸಿಗುತ್ತದೆ. ಹೊರಗಿನ ತಂತಿ ಸಿಕ್ಕಿಸಲು ತೂತಿರಬೇಕು. ಹ್ಯಾಮ್ ರೇಡಿಯೋ ಹವ್ಯಾಸಿಗಳ ಹರಟೆ ಹಿಡಿಯುವ ಸೌಲಭ್ಯಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಹರಟೆಗೆ ಭಾವ ಇದ್ದಾರೆ. ಅಕ್ಕ ಫೋನಿನಲ್ಲಿ ಸೇರಿಸಿದ್ದು, “ಗೋಡೆಗೆ ಚುಚ್ಚಿ ಚಾರ್ಜ್ ಮಾಡುವಂಥದ್ದು ತರಬೇಡ. ಕರೆಂಟ್ ಇದ್ರೆ ನನಗೆ ರೇಡಿಯೋ ಯಾಕೆ? ಟಾರ್ಚಿನ ಸೆಲ್ಲು ಹಿಡೀಬೇಕು.”

ಅಂಥದ್ದೇ ಒಂದು ಸಿಕ್ಕಿತು. ತೆಗೆದುಕೊಂಡು ಹೋಗಿ, ತಂತಿಯನ್ನು ಜಗಲಿಯಿಂದ ಸಿಲ್ವರ್ ಓಕ್ ಮರಕ್ಕೆ ಎಳೆದು ಕಟ್ಟಿ, ಸಂಜೆಗೆ ಹಚ್ಚಿದೆ. ಗೊರಗೊರ ಸದ್ದಿನ ನಡುವೆ ಟಕ್, ಟಕ್, ಟಕ್.

“ಕೇಳಿದ್ಯಾ? ಇದೇ!” ಎಂದೆ.

ಅಕ್ಕ ಕಿವಿಗೊಟ್ಟಳು. “ಅದು ಆನೆಬೇಲಿ, ಮಾರಾಯ. ಈಗಷ್ಟೆ ಸೋಲಾರ್ ಆನ್ ಮಾಡಿ ಬಂದೆ.”

ನಿಜ. ಬೇಲಿಯ ತಂತಿಯಲ್ಲಿ ಶಾಕ್ ಹರಿದಾಗಲೆಲ್ಲ ರೇಡಿಯೋದಲ್ಲಿ ಟಕ್. ಯಾವ ಸ್ಟೇಷನ್ನಿಗೆ ಹೋದರೂ ಟಕ್.

“ನಾವು ಚಿಕ್ಕವರಿದ್ದಾಗ ಸೋಲಾರ್ ಬೇಲಿ ಎಲ್ಲಿತ್ತು?” ಎಂದಳು. ಎಲ್ಲಿಯೂ ಇರಲಿಲ್ಲ. ಹಾಗಾದರೆ ಆ ಸದ್ದು ನನ್ನ ಬಾಲ್ಯದ ನೆನಪಿಗೆ ಹೊಕ್ಕಿದ್ದು ಯಾವಾಗ? ಅದು ಹೊಕ್ಕ ದಾರಿಯಲ್ಲೇ ಕೊಳಲೂ ಹೊಕ್ಕಿರಬಹುದಲ್ಲ?

“ಹತ್ತು ನಿಮಿಷ ಬೇಲಿ ಆಫ್ ಮಾಡಕ್ಕಾ.”

“ಹಲಸು ಹಣ್ಣಾಗಿದೆ. ನಿನ್ನ ಕೊಳಲು ಕೇಳ್ಲಿಕ್ಕೆ ಆನೆಯೇ ಬರ್ತದೆ.”

ಮುಂದಿನ ಭಾನುವಾರ ಮತ್ತೆ ಹೋದೆ. ಭಾವ ಸುಂಟಿಕೊಪ್ಪಕ್ಕೆ ಹೋಗಿದ್ದರು. ದೀಪ ಹಚ್ಚುವ ಹೊತ್ತಿಗೆ ರೇಡಿಯೋದ ಟಕ್ ಟಕ್ ತಾನಾಗಿ ನಿಂತಿತು. ಆ ಮೌನದೊಳಗಿಂದ ಕೊಳಲಿನಂಥದ್ದೊಂದು ಮೆಲ್ಲಗೆ ಎದ್ದು ಬಂತು. ನಾನು ರೇಡಿಯೋಗೆ ಕಿವಿ ಹಚ್ಚಿದೆ.

ಅಡುಗೆಮನೆಯಿಂದ ಅಕ್ಕ ಕೇಳಿದಳು, “ಟಕ್ ಟಕ್ ಯಾಕೆ ನಿಂತಿತು? ಬೇಲಿ ಸತ್ತಿದೆ, ಹೋಗಿ ನೋಡು.”

“ಒಂದು ನಿಮಿಷ. ಈಗ ಆ ಹೆಂಗಸು ಓದ್ತಾಳೆ.”

“ಅವಳು ನಾಳೆಯೂ ಓದ್ತಾಳೆ. ಬಾಳೆ ನಾಳೆಗೆ ಇರಲ್ಲ.”

ಕಣದ ಪಕ್ಕದ ಶೆಡ್ಡಿಗೆ ಓಡಿದೆ. ಬೇಲಿಯ ಬ್ಯಾಟರಿಯ ಕ್ಲಿಪ್ಪು ಹಸಿರುಗಟ್ಟಿ ಕಳಚಿ ಬಿದ್ದಿತ್ತು. ಕ್ಲಿಪ್ಪು ಕೈಯಲ್ಲಿ ಹಿಡಿದು ನಿಂತೆ. ಜಗಲಿಯಿಂದ ರಾಗ ಇನ್ನೂ ಕೇಳುತ್ತಿತ್ತು, ಅಥವಾ ಕೇಳುತ್ತಿದೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ತೋಟದ ಕೆಳಗೆ ಎಲ್ಲೋ ಒಂದು ಕೊಂಬೆ ಮುರಿದ ಸದ್ದಾಯಿತು. ಕ್ಲಿಪ್ಪನ್ನು ಒತ್ತಿ ಕೂರಿಸಿದೆ.

ವಾಪಸು ಬಂದಾಗ ಟಕ್ ಟಕ್‌ನ ಅಡಿಯಲ್ಲಿ ಯಾರೋ ಗಂಡಸು ಮಾತಾಡುತ್ತಿದ್ದ. ಅಕ್ಕ ರೇಡಿಯೋವನ್ನು ಅಡುಗೆಮನೆಗೆ ಒಯ್ದು, ಯಾವ ಸ್ಟೇಷನ್ನೂ ಇಲ್ಲದ ಕಡೆ ತಿರುಗಿಸಿ, ಸದ್ದು ತಗ್ಗಿಸಿ ಇಟ್ಟಳು. ಇನ್ನು ಬೇಲಿ ಸತ್ತರೆ ಕೂತಲ್ಲೇ ಗೊತ್ತಾಗುತ್ತದಂತೆ. ಅದು ಇವತ್ತಿಗೂ ಅಲ್ಲೇ ಇದೆ. ಸ್ಟೇಷನ್ ಹುಡುಕಲು ಹೋದರೆ ಭಾವನಿಗೂ ಬೈಗುಳ.

“ನಿನಗೆ ಕೊಳಲು ಕೇಳಿತಾ?” ಎಂದು ಆ ಸಂಜೆಯೇ ಕೇಳಿದೆ.

“ಒಗ್ಗರಣೆ ಹಾಕ್ತಿದ್ದೆ. ಎಂಥ ಕೊಳಲೋ,” ಎಂದಳು. ಆಮೇಲೆ ಬಾಣಲೆ ಇಳಿಸುತ್ತ, “ಅಪ್ಪ ಬೈತಿದ್ದದ್ದು ನೆನಪುಂಟು. ಸ್ಟೇಷನ್ ತಿರುಗಿಸುವಾಗ ಹೆಗಲ ಮೇಲೆ ಭಾರ ಹಾಕಬೇಡವೋ ಅಂತ.”

ಹೆಗಲಿನ ವಿಷಯ ನಾನು ಅವಳಿಗೆ ಮೊದಲೇ ಹೇಳಿದ್ದೆನೇ? ಇಲ್ಲ ಎಂದೇ ನನ್ನ ನೆನಪು.