ದೇಹೂ ರೋಡಿನ ಆಟಗಾರನ ಚೌಕಾಸಿ

ಹಳೆಯ ಯಂತ್ರ ಕೊಳ್ಳಲು ಬಂದವರಿಗೆ ನಾನು ಮೊದಲು ಹೇಳುವ ಮಾತು: ಬಣ್ಣ ನೋಡಬೇಡಿ. ಹೊಸ ಬಣ್ಣ ಬಳಿದ ಲೇಥ್ ಕಂಡರೆ ಅಲ್ಲಿ ಮುಚ್ಚಿಡುವಂಥದ್ದು ಏನೋ ಇದೆ ಎಂದುಕೊಳ್ಳಿ. ಚಾಲೂ ಮಾಡಿಸಿ, ಗೇರ್ ಬಾಕ್ಸಿನ ಮೇಲೆ ಅಂಗೈ ಇಡಿ, ಸಾಕಷ್ಟು ಹೊತ್ತು ಓಡಲಿ, ಬಿಸಿ ಎಲ್ಲಿ ಏಳುತ್ತದೆ ನೋಡಿ. ಮಾರುವವನ ಮಾತು ಆಮೇಲೆ ಕೇಳಿ. ಪುಣೆಯ ಭೋಸರಿಗೆ ಹಮಾಲಿ ಮಾಡಲು ಬಂದವನು ನಾನು. ಯಂತ್ರಗಳನ್ನು ಲಾರಿಯಿಂದ ಇಳಿಸುತ್ತ ಇಳಿಸುತ್ತಲೇ ಅವುಗಳ ರೋಗ ಕಲಿತೆ, ರೋಗದ ಬೆಲೆ ಕಲಿತೆ. ಈಗ ಸ್ವಂತ ಗೋಡೌನ್ ಇದೆ. ಹಾಗಾಗಿ ಒಂದು ಸಂಜೆ ಮಾಸ್ತರರು ಬಂದು, ಬಾಸ್ಕೆಟ್‌ಬಾಲ್ ಆಟಗಾರನೊಬ್ಬನನ್ನು ತರಬೇಕೋ ಬೇಡವೋ ಹೇಳಿ ಎಂದು ಕೇಳಿದಾಗ ನನಗೆ ವಿಚಿತ್ರ ಅನ್ನಿಸಲಿಲ್ಲ.

ಮಾಸ್ತರರು ಎಂದು ನಾವು ಕರೆಯುತ್ತಿದ್ದೆವೇ ಹೊರತು ಅವರು ಯಾವ ಶಾಲೆಯಲ್ಲೂ ಇರಲಿಲ್ಲ. ವಿಜಯಪುರದ ಕಡೆಯವರು, ನನ್ನ ಗೋಡೌನಿನ ಪಕ್ಕದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕಾರ್ಖಾನೆಯ ಹಿಂದಿನ ಸಿಮೆಂಟ್ ಅಂಗಳದಲ್ಲಿ ಎರಡು ಕಂಬ ನೆಟ್ಟು, ಪಾಳಿ ಮುಗಿಸಿದ ಹುಡುಗರಿಗೆ ಆಟ ಕಲಿಸಿ, ಆ ಟೀಮನ್ನು ನಗರದ ಲೀಗಿನ ಮೇಲಿನ ಗುಂಪಿನವರೆಗೆ ಒಯ್ದವರು. ಮದುವೆ ಮಾಡಿಕೊಂಡಿರಲಿಲ್ಲ. ಪಂದ್ಯಗಳಿಗೆ ಹುಡುಗರನ್ನು ಕರೆದೊಯ್ಯಲು ನನ್ನ ಟೆಂಪೊ ಕೊಡುತ್ತಿದ್ದೆನಾದ್ದರಿಂದ ನಾನು ಆ ಟೀಮಿಗೆ ಮ್ಯಾನೇಜರ್ ಅನ್ನಿಸಿಕೊಂಡಿದ್ದೆ. ಆಟದ ನಿಯಮ ಅರ್ಧಂಬರ್ಧ ಗೊತ್ತಿತ್ತು. ಸಲಹೆ ಕೊಡುವುದಕ್ಕೆ ಅಷ್ಟು ಸಾಲದೆ?

ಕಾರ್ಖಾನೆಯ ಮಾಲಕರು ಆ ವರ್ಷ ಒಂದು ಮಾತು ಹೇಳಿಬಿಟ್ಟಿದ್ದರು. ಟೀಮು ಮೇಲಿನ ಗುಂಪಿನಲ್ಲಿ ಇರುವ ತನಕ ಅಂಗಳ ನಿಮ್ಮದು, ಕೆಳಗೆ ಬಿದ್ದರೆ ಅಲ್ಲಿ ಶೆಡ್ ಏಳುತ್ತದೆ. ಲೀಗಿನಲ್ಲಿ ಕೊನೆಗೆ ಬಂದ ಟೀಮು ಕೆಳಗಿನ ಗುಂಪಿಗೆ ಇಳಿಯಬೇಕು. ಹಿಂದಿನ ವರ್ಷ ನಾವು ಕೂದಲೆಳೆಯಲ್ಲಿ ಉಳಿದುಕೊಂಡಿದ್ದೆವು. ಬುಟ್ಟಿಗೆ ಚೆಂಡು ಹಾಕುವ ಕೈ ನಮ್ಮಲ್ಲಿ ಇರಲಿಲ್ಲ.

ಆ ಕೈ ಹತ್ತಿರದ ದೇಹೂ ರೋಡ್ ಊರಿನಲ್ಲಿತ್ತು. ಎತ್ತರದ ಆಳು, ದಂಡು ಪ್ರದೇಶದ ಕ್ಲಬ್ಬಿನವನು. ಎಲ್ಲಿಂದ ಎಸೆದರೂ ಬಲೆಯೊಳಗೆ. ಆದರೆ ಬಲಗಾಲಿನ ಮಂಡಿ ಕೆಟ್ಟಿತ್ತು, ನಾಲಗೆ ಅದಕ್ಕಿಂತ ಕೆಟ್ಟಿತ್ತು. ರೆಫರಿಯನ್ನು ಬಯ್ದು ಹೊರಗೆ ಹೋಗುವುದು ಅವನಿಗೆ ರೂಢಿ. ಅವನ ಕ್ಲಬ್ಬಿಗೆ ಸಾಕಾಗಿತ್ತು. ಲೀಗ್ ಶುರುವಾಗುವ ಮೊದಲು ಎರಡು ಕ್ಲಬ್ಬುಗಳು ಒಪ್ಪಿದರೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದಿತ್ತು. ಅವರು ಬದಲಿಗೆ ನಮ್ಮ ಇಂದಾಪುರದ ಹುಡುಗನನ್ನು ಕೇಳುತ್ತಾರೆಂದು ಮಾಸ್ತರರಿಗೆ ಸುಳಿವು ಸಿಕ್ಕಿತ್ತು.

ಇಂದಾಪುರದ ಹುಡುಗನ ಬಗ್ಗೆ ಹೇಳಬೇಕು. ಕುಳ್ಳ, ಮಾತು ಕಡಿಮೆ. ಚೆಂಡು ಅವನ ಕೈಗೆ ಬಂದರೆ ಮುಂದೆ ಯಾರ ಕೈಗೆ ಹೋಗಬೇಕೋ ಅಲ್ಲಿಗೆ ಹೋಗುತ್ತಿತ್ತು. ಆ ಮನುಷ್ಯನಿಗೆ ತನಗದು ಬೇಕು ಅಂತ ಗೊತ್ತಾಗುವ ಮೊದಲೇ. ಯಾರೂ ಕಾಯದೆ ಬಿಟ್ಟರೆ ತಾನೇ ಎಸೆದು ಬುಟ್ಟಿಗೂ ಹಾಕುತ್ತಿದ್ದ. ಕೆಲಸ ಅದೇ ಕಾರ್ಖಾನೆಯಲ್ಲಿ, ಡ್ರಿಲ್ಲಿಂಗ್ ಮಶೀನಿನ ಮೇಲೆ. ನನ್ನ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದ, ಕಾಕಾ ಅನ್ನುತ್ತಿದ್ದ. ಟೆಂಪೊದಲ್ಲಿ ಯಾವಾಗಲೂ ಮುಂದೆ, ನನ್ನ ಪಕ್ಕದಲ್ಲೇ ಕೂರುತ್ತಿದ್ದ.

"ಮಂಡಿ ಕೆಟ್ಟ ಎತ್ತು ತಂದು ಏನ್ ಮಾಡೂದ್ರಿ?" ಎಂದರು ಮಾಸ್ತರರು.

"ಹೊಲಾ ಉಳಾಕ ಅಲ್ಲಲ್ರಿ ಅವ," ಎಂದೆ ನಾನು. "ನಿಂತಲ್ಲೇ ನಿಂತು ಒಗೀಲಿ. ಓಡೂದು ಉಳದವರು ಓಡ್ತಾರ. ಕೆಟ್ಟ ಮಶೀನ ಅಂತ ಅದಕ್ಕ ನಮ್ಮ ರೇಟಿಗೆ ಸಿಗ್ತದ. ಚಲೋ ಇದ್ದಿದ್ರ ನಮ್ಮ ಕಡೆ ಯಾಕ ನೋಡ್ತಿದ್ದ?"

"ಮತ್ತ ನಮ್ಮ ಸಣ್ಣಾವನ್ನ ಕೇಳಿದ್ರ?"

"ಕೇಳಾಂಗಿಲ್ಲ. ಅದನ್ನ ನನಗ ಬಿಡ್ರಿ."

"ಅವ ಹೋದ್ರ ಟೀಮೇ ಹೋದಂಗ ನೋಡ್ರಿ. ನಾ ಮತ್ತ ಈ ವಯಸ್ಸಿನ್ಯಾಗ ಹೊಸಾ ಅಂಗಳಾ ಎಲ್ಲಿ ಹುಡುಕ್ಲಿ?"

ಬಿಡಿ ಎಂದರೆ ಬಿಡಿ, ಎಂದೆ. ಮಾಸ್ತರರು ಬಿಟ್ಟರು.

ದೇಹೂ ರೋಡಿನ ಕ್ಲಬ್ಬಿನ ಸೆಕ್ರೆಟರಿ ನಮ್ಮ ಕನ್ನಡದವರೇ. ಹುಬ್ಬಳ್ಳಿ ಕಡೆಯಿಂದ ಬಂದು ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟವರು, ತಕ್ಕಡಿಯಲ್ಲಿ ಬೆರಳಿಡುವ ಜಾತಿಯಲ್ಲದಿದ್ದರೂ ಬೆರಳಿಡುವವನನ್ನು ದೂರದಿಂದಲೇ ಗುರುತಿಸುವವರು. ಭಾನುವಾರ ಬೆಳಿಗ್ಗೆ ನಮ್ಮ ಹುಡುಗರ ಆಟ ನೋಡುವ ನೆಪದಲ್ಲಿ ಬಂದರು. ಅಂಗಳದ ಗೇಟಿನ ಪಕ್ಕ ಚಹಾದ ಗಾಡಿ, ಅದರ ಮುಂದೆ ಎರಡು ಬೆಂಚು. ಒಂದರ ಮೇಲೆ ನಾವಿಬ್ಬರು ಕೂತೆವು. ಇನ್ನೊಂದರ ಮೇಲೆ ಇಂದಾಪುರದ ಹುಡುಗ ಬೂಟಿನ ಲೇಸು ಬಿಚ್ಚುತ್ತಿದ್ದ.

ಪುಣೆಯಲ್ಲಿ ವ್ಯಾಪಾರಕ್ಕೆ ನಿಂತ ನಮ್ಮ ಜನಕ್ಕೆ ಒಂದು ಅಭ್ಯಾಸವಿದೆ. ಗಿರಾಕಿ ಎದುರಿಗೆ ನಿಂತಿದ್ದಾಗ ನಿಜವಾದ ರೇಟು ಮಾತಾಡಬೇಕೆಂದರೆ ಕನ್ನಡಕ್ಕೆ ಹೊರಳುತ್ತೇವೆ. ಬಾಗಿಲು ಹಾಕಿಕೊಂಡಂತೆ ಅದು. ಒಳಗೆ ಎದ್ದು ಹೋಗುವ ಅಗತ್ಯವಿಲ್ಲ, ಪಿಸುಗುಟ್ಟುವ ಅಗತ್ಯವಿಲ್ಲ. ಗಿರಾಕಿಯ ಮುಖಕ್ಕೆ ನಗುತ್ತಲೇ ಅವನಿಗೆ ಎಷ್ಟು ಬಿಡಬೇಕು ಅಂತ ತೀರ್ಮಾನಿಸಬಹುದು. ಇಷ್ಟು ವರ್ಷ ಆ ಬಾಗಿಲು ಒಮ್ಮೆಯೂ ನನಗೆ ಕೈಕೊಟ್ಟಿರಲಿಲ್ಲ.

"ಆ ಸಣ್ಣ ಹುಡುಗನ್ನ ಕೊಡ್ರಿ," ಎಂದರು ಸೆಕ್ರೆಟರಿ, ಬಟ್ಟಲಿಗೆ ಊದುತ್ತ. "ನಮ್ಮಾವನ್ನ ಒಯ್ಯಿರಿ. ಮುಗೀತು."

ನಾನು ಜೋರಾಗಿ ನಕ್ಕೆ. ಉಳಿಸಿಕೊಳ್ಳಬೇಕಾದ ಮಾಲನ್ನು ಎಂದೂ ಹೊಗಳಬಾರದು. ಕಣ್ಣಲ್ಲಿ ಆಸೆ ಕಂಡರೆ ಎದುರಿನವನ ಆಸೆ ಇಮ್ಮಡಿಯಾಗುತ್ತದೆ. ಇದನ್ನು ಯಾರೂ ನನಗೆ ಕಲಿಸಲಿಲ್ಲ, ಏಟು ತಿಂದು ಕಲಿತೆ.

"ಅವನ್ನ? ಒಯ್ಯಿರಿ, ಯಾಕಾಗವಲ್ದು. ಆಮ್ಯಾಗ ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ."

"ಯಾಕ್ರಿ? ಚಲೋ ಆಡ್ತಾನಲ್ಲ?"

"ದೂರಿಂದ ಚಲೋ ಕಾಣ್ತಾನ. ಎತ್ತರಿಲ್ಲ, ಉಸುರಿಲ್ಲ. ಬುಟ್ಟಿಗೆ ಒಗಿ ಅಂದ್ರ ಕೈ ನಡಗ್ತಾವ. ಚೆಂಡು ಬೆಂಕಿ ಆಗಿರ್ತದ ಅವನ ಕೈಯಾಗ, ಅದಕ್ಕ ಲಗೂ ಮತ್ತೊಬ್ಬನಿಗೆ ದಾಟಸ್ತಾನ. ಜನಾ ಅದಕ್ಕ ಪಾಸ್ ಅಂತಾರ. ಮಾಸ್ತರಿಗೆ ಕರುಳು, ಬಡವರ ಹುಡುಗ ಅಂತ ಇಟಗೊಂಡಾರ. ನನ್ನ ಕೈಯಾಗ ಇದ್ದಿದ್ರ ಎಂದೋ ಮನೀಗೆ ಕಳಿಸ್ತಿದ್ದೆ."

ಸೆಕ್ರೆಟರಿ ಹುಡುಗನ ಕಡೆ ನೋಡಿದರು. ಅವನು ಬೂಟುಗಳನ್ನು ಒಂದರ ಪಕ್ಕ ಒಂದು ಇಟ್ಟು, ಲೇಸುಗಳನ್ನು ಒಳಗೆ ತುರುಕುತ್ತಿದ್ದ. ನಾನು ಅವನತ್ತ ತಿರುಗಿ ಮರಾಠಿಯಲ್ಲಿ, "ಚಹಾ ಕುಡಿಯೋ," ಎಂದೆ. ಬೇಡವೆಂದು ತಲೆ ಅಲ್ಲಾಡಿಸಿದ.

"ಹೋಗ್ಲಿ," ಎಂದರು ಸೆಕ್ರೆಟರಿ. "ಆ ಎತ್ತರದ ಇಬ್ಬರನ್ನ ಕೊಡ್ರಿ ಹಂಗಾರ."

ಆ ಎತ್ತರದ ಇಬ್ಬರೂ ವರ್ಷವಿಡೀ ಬೆಂಚಿನ ಮೇಲೆ ಕೂರುವವರು. ಅಂಥ ಸೌದಾ ನನ್ನ ಜೀವಮಾನದಲ್ಲೇ ಆಗಿರಲಿಲ್ಲ. ಮಾಸ್ತರರಿಗೆ ಹೇಳಿದಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಲೀಗ್ ಶುರುವಾಯಿತು. ದೇಹೂ ರೋಡಿನವನು ಮಂಡಿಗೆ ಪಟ್ಟಿ ಸುತ್ತಿಕೊಂಡು ರಿಂಗಿನ ಓರೆಗೆ ಒಂದು ಜಾಗ ಹಿಡಿದು ನಿಲ್ಲುವನು. ಚೆಂಡು ಅವನ ಎದೆಯ ಮಟ್ಟಕ್ಕೆ ಬಂದು ಬೀಳುವುದು, ಅವನು ಎಸೆಯುವನು, ಬಲೆ ಅಲುಗುವುದು. ಮೊದಲ ಪಂದ್ಯ ಗೆದ್ದೆವು. ಎರಡನೆಯದನ್ನು ಅವನ ಬಾಯಿ ಸೋಲಿಸಿತು: ರೆಫರಿಯ ತಾಯಿಯವರೆಗೆ ಹೋದ, ಹೊರಗೆ ಕೂರಿಸಿದರು. ಆಮೇಲೆ ಒಂದು ಗೆಲುವು, ಮತ್ತೆ ಸೋಲು. ತಂದದ್ದು ಸರಿಯೋ ತಪ್ಪೋ ಎಂದು ಚಹಾದ ಗಾಡಿಯ ಮುಂದೆ ಪ್ರತಿದಿನ ನ್ಯಾಯ ಸೇರುತ್ತಿತ್ತು.

ಆ ಗದ್ದಲದಲ್ಲಿ ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳಲು ತಡವಾಯಿತು. ಇಂದಾಪುರದ ಹುಡುಗ ತಾನು ಬುಟ್ಟಿಗೆ ಎಸೆಯುವುದನ್ನು ನಿಲ್ಲಿಸಿಬಿಟ್ಟಿದ್ದ. ರಿಂಗಿನ ಕೆಳಗೆ ಒಬ್ಬನೇ ಇದ್ದರೂ ಚೆಂಡನ್ನು ಬೇರೆಯವರಿಗೆ ದಾಟಿಸುತ್ತಿದ್ದ. ಎದುರಾಳಿಗಳು ಇದನ್ನು ನಮಗಿಂತ ಬೇಗ ಕಂಡುಕೊಂಡರು. ಅವನನ್ನು ಕಾಯುವುದೇ ಬಿಟ್ಟು ಇಬ್ಬಿಬ್ಬರು ಹೋಗಿ ದೇಹೂ ರೋಡಿನವನಿಗೆ ಅಂಟಿಕೊಳ್ಳತೊಡಗಿದರು. ಮಾಸ್ತರರು ಬೈದರು, ಬೇಡಿಕೊಂಡರು. "ನನಗೆ ಆಗುವುದಿಲ್ಲ, ಸರ್," ಅನ್ನುವುದಷ್ಟೇ ಅವನ ಉತ್ತರ. ಟೆಂಪೊದಲ್ಲಿ ಅವನು ಹಿಂದೆ, ಉಳಿದವರ ಜೊತೆ ಕೂರುತ್ತಿದ್ದುದನ್ನೂ ನಾನು ಗಮನಿಸಿದ್ದೆ. ದೊಡ್ಡ ಆಟಗಾರ ಬಂದ ಮೇಲೆ ಹುಡುಗ ಮುದುಡಿದ್ದಾನೆ, ತಾನಾಗಿ ಸರಿಹೋಗುತ್ತಾನೆ ಎಂದು ಮಾಸ್ತರರಿಗೆ ಸಮಾಧಾನ ಹೇಳಿದೆ.

ಕೊನೆಯ ಪಂದ್ಯ ಹಡಪಸರದಲ್ಲಿತ್ತು. ಗೆದ್ದರೆ ಉಳಿಯುತ್ತೇವೆ, ಸೋತರೆ ಇಳಿಯುತ್ತೇವೆ. ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಒಂದು ಪಾಯಿಂಟ್ ಹಿಂದಿದ್ದೆವು. ಚೆಂಡು ಇಂದಾಪುರದ ಹುಡುಗನ ಕೈಯಲ್ಲಿ. ಅವನ ಮತ್ತು ಬುಟ್ಟಿಯ ನಡುವೆ ಯಾರೂ ಇಲ್ಲ, ಗಾಳಿ ಕೂಡ ಇಲ್ಲವೇನೋ ಅನ್ನುವ ಹಾಗೆ. "ಒಗೀಯೋ!" ಎಂದು ಮಾಸ್ತರರು ಮರಾಠಿ ಮರೆತು ಕನ್ನಡದಲ್ಲೇ ಕೂಗಿದ್ದು ರಸ್ತೆಗೂ ಕೇಳಿರಬೇಕು. ಹುಡುಗ ಒಂದು ಸಲ ರಿಂಗನ್ನು ನೋಡಿದ. ಆಮೇಲೆ, ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ದೇಹೂ ರೋಡಿನವನಿಗೆ ಚೆಂಡು ಕಳಿಸಿದ. ಅವನು ಇಬ್ಬರ ಮೇಲಿಂದ ಎಗರಬೇಕಾಯಿತು. ಎಗರುವಾಗಲೇ ಮಂಡಿ ಕೈಬಿಟ್ಟಿತು. ಚೆಂಡು ರಿಂಗಿಗೆ ಬಡಿದು ಹೊರಗೆ ಹೋಯಿತು, ಅವನು ಕೆಳಗೆ ಬಿದ್ದ, ಸೀಟಿ ಊದಿದರು.

ಮಾಸ್ತರರು ಬೆಂಚಿನಿಂದ ಏಳಲಿಲ್ಲ. ಹುಡುಗ ತನ್ನ ಚೀಲ ಹೆಗಲಿಗೆ ಹಾಕಿಕೊಂಡು, ಇಲ್ಲಿಂದಲೇ ಊರಿನ ಬಸ್ಸು ಹಿಡಿಯುತ್ತೇನೆ ಎಂದು ಯಾರಿಗೋ ಹೇಳಿ ಹೊರಟ. ನಾನು ಹಿಂದೆಯೇ ಹೋದೆ. ಸೊಲ್ಲಾಪುರ ರಸ್ತೆಯ ಬಸ್ ಸ್ಟಾಪಿನಲ್ಲಿ ಸಿಕ್ಕ.

ಯಾಕೆ ಎಸೆಯಲಿಲ್ಲ, ಎಂದು ಮರಾಠಿಯಲ್ಲಿ ಕೇಳಿದೆ.

ಅವನು ರಸ್ತೆಯನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದ: "ಕೈ ನಡಗ್ತಾವಲ್ರಿ ಕಾಕಾ ನನ್ನವು."

ಅದು ಚಹಾದ ಗಾಡಿಯ ಮುಂದೆ ನಾನೇ ಆಡಿದ ಮಾತು.

"ನಿನಗ ಕನ್ನಡ ಬರ್ತದೇನು?"

"ನಮ್ಮ ಅವ್ವನ ತವರಮನಿ ಅಕ್ಕಲಕೋಟಿ ಕಡೆ. ಮನ್ಯಾಗ ಆಕಿ ಕೂಡ ಇದನ್ನ ಮಾತಾಡ್ತೀನಿ. ನೀವು ಎಂದೂ ಕೇಳಲಿಲ್ಲ."

ಆಗ ನಾನು ಎಲ್ಲ ಹೇಳಿದೆ. ಅದು ಅವನನ್ನು ಉಳಿಸಿಕೊಳ್ಳಲು ಆಡಿದ ಮಾತು, ಒಂದಕ್ಷರವೂ ಖರೆಯಲ್ಲ, ಬೇಕಾದ ವಸ್ತುವನ್ನೇ ನಮ್ಮವರು ಹೀಗಳೆಯುವುದು, ಅವನಂಥ ಆಟಗಾರ ಇಡೀ ಲೀಗಿನಲ್ಲೇ ಇಲ್ಲ. ನನ್ನ ದನಿ ನನಗೇ ಕೇಳಿಸುತ್ತಿತ್ತು. ಗೋಡೌನಿನಲ್ಲಿ ಗಿರಾಕಿ ಕೊಳ್ಳದೆ ಹೊಸ್ತಿಲು ದಾಟಿ ಹೊರಡುವಾಗ ನಾನು ತೆಗೆಯುವ ದನಿ ಅದು. ಬೇರೆ ದನಿ ಹುಡುಕಿದೆ, ಸಿಗಲಿಲ್ಲ.

ಹುಡುಗ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೊಂದು ಹಿಡಿಕೆ ಸಿಗುತ್ತಿತ್ತು.

"ನೀವು ವ್ಯಾಪಾರಸ್ಥರು, ಕಾಕಾ. ಆವತ್ತ ಖರೇ ಹೇಳಿದ್ರೋ, ಇವತ್ತ ಖರೇ ಹೇಳಾಕತ್ತೀರೋ, ನನಗ ಹೆಂಗ ಗೊತ್ತಾಗಬೇಕ್ರಿ?"

ಇಂದಾಪುರದ ಕೆಂಪು ಬಸ್ಸು ಬಂತು. ಕಂಡಕ್ಟರನಿಗೆ ಮರಾಠಿಯಲ್ಲಿ ಊರ ಹೆಸರು ಹೇಳಿ ಹತ್ತಿದ. ಮಾರನೆಯ ದಿನ ಕೆಲಸಕ್ಕೂ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಅಲ್ಲಿ ಸಕ್ಕರೆ ಕಾರ್ಖಾನೆಗೆ ಸೇರಿದನೆಂದು ಯಾರೋ ಹೇಳಿದರು. ಚೆಂಡು ಮುಟ್ಟುವುದಿಲ್ಲವಂತೆ.

ಕೆಟ್ಟ ಮಂಡಿಯ ಆಟಗಾರನನ್ನು ತರಬಹುದೇ ಎಂದು ಈಗಲೂ ಯಾರಾದರೂ ಕೇಳಿದರೆ, ತನ್ನಿ ಎಂದೇ ಹೇಳುತ್ತೇನೆ. ಮಂಡಿಯ ಲೆಕ್ಕ ಹಾಕಬಹುದು, ಬಾಯಿಗೂ ಲೆಕ್ಕ ಹಾಕಬಹುದು. ಸೌದಾದಲ್ಲಿ ದೋಷವಿರಲಿಲ್ಲ. ಲೇಥಿನ ಪಕ್ಕ ನಿಂತು ಅದನ್ನು ಎಷ್ಟು ಬೇಕಾದರೂ ಬಯ್ಯಿರಿ, ಸ್ವಿಚ್ ಹಾಕಿದರೆ ಅದು ಮೊದಲಿನಂತೆಯೇ ತಿರುಗುತ್ತದೆ. ಇಷ್ಟು ವರ್ಷ ಅಂಥವುಗಳ ಜೊತೆಗೇ ಬದುಕಿದವನು ನಾನು.

ಶೆಡ್ಡಿನ ಕಂಬಗಳಿಗೆ ಗುಂಡಿ ತೋಡುವವರು ಬರುವ ಮೊದಲು, ಒಂದು ಭಾನುವಾರ ಮಾಸ್ತರರೂ ನಾನೂ ಬುಟ್ಟಿಯ ಬೋರ್ಡು ಬಿಚ್ಚಲು ಹೋದೆವು. ದೇಹೂ ರೋಡಿನವನು ಕೋಲೂರಿಕೊಂಡು ಬಂದಿದ್ದ. ಬರಬೇಕೆಂದು ಯಾರೂ ಹೇಳಿರಲಿಲ್ಲ. ತುಕ್ಕು ಹಿಡಿದ ಬೋಲ್ಟುಗಳಿಗೆ ನಾನು ಎಣ್ಣೆ ಬಿಡುತ್ತಿದ್ದೆ, ಮಾಸ್ತರರು ಕೆಳಗೆ ನಿಂತು ಏಣಿ ಹಿಡಿದಿದ್ದರು.

"ಆ ಚಿಕ್ಕವನು ಎಲ್ಲಿ?" ಎಂದು ದೇಹೂ ರೋಡಿನವನು ಹಿಂದಿಯಲ್ಲಿ ಕೇಳಿದ.

ಊರಿಗೆ ಹೋದ, ಇನ್ನು ಬರುವುದಿಲ್ಲ ಎಂದೆ.

ಅವನು ಕೋಲಿನ ತುದಿಯಿಂದ ಸಿಮೆಂಟಿನ ಮೇಲೆ ತಾನು ಯಾವಾಗಲೂ ನಿಲ್ಲುತ್ತಿದ್ದ ಜಾಗವನ್ನು ತಟ್ಟಿದ. "ನಾನು ಬಂದದ್ದೇ ಅವನಿಗಾಗಿ. ಈ ಕಾಲಿಟ್ಟುಕೊಂಡು ಚೆಂಡಿನ ಹಿಂದೆ ಓಡುವುದಕ್ಕೆ ನನ್ನಿಂದ ಆಗುತ್ತದೆಯೇ? ನಿಂತಲ್ಲಿಗೆ ತಂದುಕೊಡುವವನು ಪುಣೆಯಲ್ಲಿ ಅವನೊಬ್ಬನೇ. ಅವನಿರುವ ಟೀಮಿಗೆ ಮಾತ್ರ ಹೋಗುತ್ತೇನೆ, ಇಲ್ಲದಿದ್ದರೆ ಆಟವನ್ನೇ ಬಿಡುತ್ತೇನೆ ಎಂದು ನಮ್ಮ ಸೆಕ್ರೆಟರಿಗೆ ಮೊದಲೇ ಹೇಳಿದ್ದೆ."

"ಹಾಗಾದರೆ ಅವರು ಅವನನ್ನೇ ಯಾಕೆ ಕೇಳಿದರು?" ಎಂದೆ.

"ಕೇಳಿ ನೋಡುವುದಕ್ಕೆ ಏನು ಖರ್ಚು?" ಎಂದು ಅವನು ನಕ್ಕ. "ನೀವೇನು ಅವನನ್ನು ಬಿಟ್ಟುಕೊಡುತ್ತಿದ್ದಿರಾ? ಕೊಡುವುದಿಲ್ಲ ಎಂದರೆ ಸಾಕಿತ್ತು, ಆಗಲೂ ನನ್ನನ್ನು ನಿಮಗೇ ಬಿಡಬೇಕಾಗಿತ್ತು."

ಕೆಳಗಿನಿಂದ ಮಾಸ್ತರರು ನನ್ನ ಮುಖ ನೋಡಿದರು. ಚಹಾದ ಗಾಡಿಯ ಮುಂದೆ ಹುಡುಗನ ಬಗ್ಗೆ ಆಡಿದ್ದನ್ನು ನಾನು ಅವರಿಗೆ ಆವರೆಗೂ ಹೇಳಿರಲಿಲ್ಲ. "ಲಗೂ ಬಿಚ್ಚರಿ," ಎಂದರು, "ಬಿಸಲು ಏರಾಕತ್ತದ." ನಾನು ಪಾನಾ ಹಾಕಿ ತಿರುಗಿಸಿದೆ. ಬೋಲ್ಟು ಸಲೀಸಾಗಿ ಬಿಚ್ಚಿಕೊಂಡಿತು.