ಕಬ್ಬಕ್ಕಿಯ ಕಾಲುಂಗುರ

ಕೊಂಡಜ್ಜಿ ಕೆರೆಯ ಹಿಂದಿನ ಕಡಲೆ ಹೊಲದಲ್ಲಿ ನಮ್ಮ ಗೆಳೆಯರ ಗುಂಪು ಚಳಿಗಾಲಕ್ಕೆ ಹಕ್ಕಿಗಳಿಗೆ ಕಾಳು ಹಾಕುತ್ತದೆ. ಬೇವಿನ ಮರದಡಿ ಹಳೆಯ ಮೊರ, ಅದರ ತುಂಬ ಜೋಳ. ಪಕ್ಕದಲ್ಲಿ ಎರಡು ಬಿದಿರು ಗಳಕ್ಕೆ ಕಟ್ಟಿದ, ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆ. ಹೊರದೇಶದಿಂದ ಬರುವ ಗುಲಾಬಿ ಕಬ್ಬಕ್ಕಿ ಬಲೆಗೆ ಬಿದ್ದರೆ ಬಿಡಿಸಿ, ತೂಗಿ, ಕಾಲಿಗೆ ನಂಬರಿರುವ ಹಗುರ ಉಂಗುರ ತೊಡಿಸಿ ಹಾರಿಬಿಡುತ್ತೇವೆ. ಮತ್ತೆ ಸಿಗುವುದು ಅಪರೂಪ. ಸಿಗದಿದ್ದರೆ ನಾನಂತೂ ತಲೆ ಕೆಡಿಸಿಕೊಳ್ಳುವವನಲ್ಲ.

ತಲೆ ಕೆಡಿಸಿಕೊಂಡವರು ಹೊಲದ ಯಜಮಾನಿ. ಮೊದಲ ವರ್ಷ ಉಂಗುರ ಹಾಕುವುದನ್ನು ನೋಡಿದವರೇ ಗದರಿದ್ದರು: "ಕಾಲುಂಗುರ ಹಾಕಿ ಕಳಿಸ್ತೀರಿ. ಅದರ ಭಾರಕ್ಕೆ ದಾರ್‍ಯಾಗ ಸತ್ರೆ? ನನ್ ಹೊಲದಾಗ ಹುಳ ತಿಂದು ಉಪಕಾರ ಮಾಡೋ ಹಕ್ಕಿ. ಆ ಪಾಪ ನನ್ ಹೊಲಕ್ಕೇ ಸುತ್ತಿಕೊಳ್ತೈತೆ."

ಎರಡನೆಯ ಚಳಿಗಾಲ ಶುರುವಾದಾಗಿನಿಂದ ಒಂದೇ ಪ್ರಶ್ನೆ: "ನಿಮ್ ಉಂಗುರದ ಹಕ್ಕಿ ಬಂತೇನ್ರಿ?" ಇಲ್ಲ ಎಂದರೆ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಗಡುವು ಕೊಟ್ಟರು. "ಎಳ್ಳಮಾಸಿ ತಂಕ ನೋಡ್ತೀನಿ. ಬರ್ಲಿಲ್ಲ ಅಂದ್ರೆ ನಿಮ್ ಬಲೆ ಕಿತ್ಕಂಡು ಹೋಗ್ರಿ." ಅರಣ್ಯ ಇಲಾಖೆಯ ಅನುಮತಿ ಜೇಬಿನಲ್ಲಿದ್ದು ಏನು ಬಂತು? ಹೊಲ ಅವರದು.

ಎಳ್ಳಮಾವಾಸ್ಯೆಯ ದಿನ ಬೆಳಗಿನಿಂದ ಕಾದೆವು. ಹಿಂಡು ಬಂದು ಇನ್ನೇನು ಮೊರದ ಹತ್ತಿರ ಇಳಿಯಬೇಕು, ಅಷ್ಟರಲ್ಲಿ ಯಜಮಾನಿ ಸೊಸೆಯ ಜೊತೆ ಬುಟ್ಟಿ ಹೊತ್ತು ಬಂದರು. ಭೂಮಿತಾಯಿಗೆ ಚರಗ ಚೆಲ್ಲುವ ದಿನ. ಸಜ್ಜೆ ಕಡುಬು, ಪಲ್ಯ, ಅನ್ನ ಕಲಸಿ ಹೊಲದ ಉದ್ದಕ್ಕೂ ಬೀರಿದರು. ಹಿಂಡಿಗೆ ಹಿಂಡೇ ಅತ್ತ ಇಳಿಯಿತು. ನಮ್ಮ ಮೊರದ ಹತ್ತಿರ ಒಂದು ಇರುವೆಯೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಅಲ್ಲಮ್ಮಾ, ಇವತ್ತೇ ಗಡುವು ಅಂತೀರಿ, ಇವತ್ತೇ ಹಕ್ಕಿನೆಲ್ಲ ಆ ಕಡೆ ಕರ್ಕಂತೀರಿ!"

"ನಾನೇನ್ ಮಾಡ್ಲಿ? ನೀವು ಒಣ ಜೋಳ ಹಾಕಿದ್ರೆ ಯಾರು ಬರ್ತಾರೆ? ಹಬ್ಬದ ದಿನ!"

ಸಿಟ್ಟಿನಲ್ಲೇ ದುರ್ಬೀನು ಕಣ್ಣಿಗಿಟ್ಟೆ. ಕಡುಬಿನ ಚೂರಿಗೆ ಜಗಳವಾಡುತ್ತಿದ್ದ ಕಬ್ಬಕ್ಕಿಗಳಲ್ಲಿ ಒಂದರ ಕಾಲಲ್ಲಿ ಏನೋ ಮಿನುಗಿತು. ಈ ವರ್ಷ ನಾವು ಒಂದಕ್ಕೂ ಉಂಗುರ ಹಾಕಿರಲಿಲ್ಲ. ದುರ್ಬೀನನ್ನು ಅವರ ಕೈಗೆ ಕೊಟ್ಟು ದಿಕ್ಕು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ನಂಬರ್ ಕಾಣಲ್ಲಮ್ಮಾ," ಎಂದೆ. "ನಾವು ಹಾಕಿದ್ದೋ, ಬೇರೆ ಎಲ್ಲಾದ್ರೂ ಹಾಕಿದ್ದೋ, ಹೇಳಕ್ಕಾಗಲ್ಲ."

"ಯಾರು ಹಾಕಿದ್ರೇನ್ರಿ. ಹಾಕ್ಕಂಡೂ ಬದುಕೈತಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿ ಕೂಗಿದರು: "ಏ, ಇವ್ರಿಗೂ ಎಲೆ ಹಾಕವಾ. ನಮ್ ಹಕ್ಕಿ ಬಂದೈತೆ!"