ಹದಿಮೂರು ನಾಣ್ಯ ಹೊತ್ತು ಉತ್ತರಹಳ್ಳಿಗೆ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಸ್ಸು ಹತ್ತಿದಾಗ ಭಾನುವಾರ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ ಹಿಡಿದು ಕಿಟಕಿ ಪಕ್ಕ ಕೂತೆ. ಹೊರಟಿದ್ದು ನಂಜುಂಡಪ್ಪನವರ ಮನೆಗೆ. ಭಾನುವಾರ ಸಂಜೆ ಪಾರ್ಕಿನ ಬೆಂಚಿನಲ್ಲಿ ಲೆಕ್ಕದ ಒಗಟು ಕೊಟ್ಟು ತೆಗೆದುಕೊಳ್ಳುವ ನಮ್ಮಂಥ ಹುಚ್ಚರಿಗೆಲ್ಲ ಅವರೇ ಹಿರಿಯರು. ಪಾರ್ಶ್ವವಾಯು ಹೊಡೆದ ಮೇಲೆ ನಡಿಗೆಯೇನೋ ಸರಿಹೋಯಿತು. ಮಾತು ತಡವರಿಸುತ್ತದೆಂದು ನಾಚಿಕೊಂಡು ಮನೆ ಬಿಟ್ಟು ಕದಲುತ್ತಿರಲಿಲ್ಲ. ಇವತ್ತು ಪಾರ್ಕಿಗೆ ಕರೆತಂದೇ ತೀರಬೇಕೆಂದು ನನ್ನ ಹಟ.

ಬನಶಂಕರಿಯಲ್ಲಿ ಬಸ್ಸು ತುಂಬಿ, ಯಾರದೋ ಅವರೆಕಾಯಿ ಚೀಲ ನನ್ನ ಕಾಲ ಮೇಲೇ ಕೂತಿತು. ನಾನು ಬಾಯೊಳಗೇ ಒಗಟು ಉರುಹೊಡೆಯುತ್ತಿದ್ದೆ.

ಉತ್ತರಹಳ್ಳಿಯಲ್ಲಿ ಅವರ ಹೆಂಡತಿ ಗೌರಮ್ಮ ಅವರೆಕಾಳಿನ ಉಪ್ಪಿಟ್ಟು ಕೊಟ್ಟರು. "ನೀವೇ ಮಾತಾಡ್ಸಿ ಅಕ್ಕ, ನಮ್ಮ ಹತ್ರ ಬರೀ ಹ್ಞೂಂ, ಉಹ್ಞೂಂ." ನಂಜುಂಡಪ್ಪನವರು ಗೋಡೆ ನೋಡುತ್ತಿದ್ದರು.

"ಸಾರ್, ಹದಿಮೂರು ನಾಣ್ಯ, ಒಂದು ಖೋಟಾ. ತಕ್ಕಡೀಲಿ ಮೂರೇ ಸಲ ತೂಗ್ಬೇಕು. ಯಾವ್ದು ಖೋಟಾ, ಹಗುರಾನೋ ಭಾರಾನೋ, ಎರಡೂ ಹೇಳ್ಬೇಕು" ಎಂದೆ.

ಅವರು ಕಣ್ಣು ಮುಚ್ಚಿ ಬೆರಳು ಮಡಿಸತೊಡಗಿದರು. ಉಪ್ಪಿಟ್ಟು ಆರಿತು. ನಿದ್ದೆ ಹೋದರೇನೋ ಅಂದುಕೊಳ್ಳುವಷ್ಟರಲ್ಲಿ ಮುಖ ಕೆಂಪಾಯಿತು.

"ಆ... ಆಗಲ್ಲ ಮೇಡಂ! ಹನ್ನೆರಡಕ್ಕಾದ್ರೆ ಸರಿ. ಹದಿಮೂರಕ್ಕೆ... ಜೊತೆಗೊಂದು ಅಸಲಿ ನಾಣ್ಯ ಕೊಡ್ಬೇಕು. ಎಲ್ರೀ ಅದು?"

ಅಯ್ಯೋ ನನ್ನ ಕರ್ಮವೇ! ಅದೊಂದನ್ನೇ ಹೇಳಲು ಮರೆತಿದ್ದೆ. ವರ್ಷಗಟ್ಟಲೆ ಲೆಕ್ಕ ಕಲಿಸಿದ ಟೀಚರಮ್ಮನ ಮಾನ ಹೋಯಿತು.

"ನಿಯಮ ಗೊತ್ತಲ್ಲ?" ಎಂದು ಗದರಿದರು. ಅವರೇ ಮಾಡಿದ ನಿಯಮ: ಒಗಟಿನಲ್ಲಿ ತಪ್ಪು ಹಿಡಿದವರು ಬೆಂಚಿನೆದುರು ನಿಂತು ಎಲ್ಲರಿಗೂ ಬಿಡಿಸಿ ಹೇಳಬೇಕು, ತಪ್ಪು ಮಾಡಿದವರು ತೆಪ್ಪಗೆ ಕೇಳಬೇಕು.

"ಗೊತ್ತು ಸಾರ್. ಆದ್ರೆ ಹಿಡಿದವರೇ ಬಂದು ಹೇಳ್ಬೇಕಲ್ಲ?"

ಅವರು ನನ್ನನ್ನು ನೋಡಿದರು, ಬಾಗಿಲು ನೋಡಿದರು. ಆಮೇಲೆ, "ಗೌರಾ, ನನ್ನ... ಸ್ವೆಟರ್" ಎಂದರು. ಗೌರಮ್ಮ ಸೌಟು ಹಿಡಿದುಕೊಂಡೇ ಒಳಗೆ ಓಡಿದರು.

ಊಟ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿದೆವು. "ಬೇಕಂತಲೇ ಬಿಟ್ರಾ ಅದನ್ನ?" ಎಂದು ಕೇಳಿದರು.

"ದೇವರಾಣೆ ಮರೆತೆ ಸಾರ್."

ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕನೇ ಬ್ಲಾಕ್ ಬರುವವರೆಗೂ ತಡವರಿಸುತ್ತಲೇ, ಮೊದಲಿನಿಂದ ಕೊನೆಯವರೆಗೆ, ನನ್ನ ತಪ್ಪನ್ನು ಹೇಳಿ ಹೇಳಿ ಅಭ್ಯಾಸ ಮಾಡಿದರು. ನಾಲ್ಕು ಜನರೆದುರು ಬೈಸಿಕೊಳ್ಳಲು ನಾನು ಇಷ್ಟು ಖುಷಿಯಿಂದ ಯಾವತ್ತೂ ಹೊರಟಿರಲಿಲ್ಲ.